ನೋಡುವುದರಲ್ಲೂ ಲಾಭವಿದೆ

ಒಲಿಂಪಿಕ್ಸ್, ವಿಶ್ವಕಪ್ ಅಂತ ರಾತ್ರಿಯೆಲ್ಲ ಟಿವಿ ಮುಂದೆ ಕೂರೋದು ಬರೀ ಟೈಮ್ ವೇಸ್ಟ್, ಅದರ ಬದಲು ಮೈದಾನಕ್ಕೆ ಹೋಗಿ ಆಡಿ ಅಂತ ಲೇಖನವೊಂದರಲ್ಲಿ ಲೇಖಕರೊಬ್ಬರು ಬರೆದಿದ್ದಾರೆ. ಸರ್, ನಮ್ಮ ಕಲಬುರಗಿಯ ಬಿಸಿಲಲ್ಲಿ ಮೇ ತಿಂಗಳ ಮಧ್ಯಾಹ್ನ ಒಮ್ಮೆ ಆಡಿ ನೋಡಿ, ಆಮೇಲೆ ಮಾತಾಡೋಣ!

ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿದ್ದ 2024ರ ಆಗಸ್ಟ್ 8ನ್ನೇ ತಗೊಳ್ಳಿ. ಸಂಜೆ ಹಾಕಿಯಲ್ಲಿ ಸ್ಪೇನ್ ವಿರುದ್ಧ 2-1ರಿಂದ ಗೆದ್ದು ಭಾರತಕ್ಕೆ ಕಂಚು. ಎರಡೂ ಗೋಲು ಹರ್ಮನ್‌ಪ್ರೀತ್ ಅವರದ್ದು, ಗೋಲ್‌ಕೀಪರ್ ಶ್ರೀಜೇಶ್‌ಗೆ ಅದೇ ಕೊನೆಯ ಪಂದ್ಯ. ಅದೇ ರಾತ್ರಿ ಜಾವೆಲಿನ್ (ಭರ್ಜಿ ಎಸೆತ) ಫೈನಲ್. ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದರು. ನಮ್ಮ ನೀರಜ್ ಚೋಪ್ರಾ 89.45. ಅದೊಂದೇ ಅವರ ಸರಿಯಾದ ಎಸೆತ, ಉಳಿದ ಐದೂ ಫೌಲ್. ಮರುದಿನ ಪೇಪರಿನಲ್ಲಿ 'ನೀರಜ್‌ಗೆ ಬೆಳ್ಳಿ' ಅಂತ ಓದಿದರೆ ಆ ಒದ್ದಾಟ ಗೊತ್ತಾಗುತ್ತಾ?

ಇನ್ನು ಆಟದ ಮಾತು. ಆ ವಾರ ನಮ್ಮ ಓಣಿಯ ಹುಡುಗರು ಇಟ್ಟಂಗಿ ಚೂರಿನಿಂದ ಗೆರೆ ಎಳೆದು ತೊಗರಿ ಕಟ್ಟಿಗೆಯನ್ನೇ ಭರ್ಜಿ ಮಾಡಿಕೊಂಡು ಎಸೆಯುತ್ತಿದ್ದರು. ಕಾಲು ಗೆರೆ ದಾಟಿತೋ ಇಲ್ಲವೋ ಅಂತ ಜಗಳ ಬೇರೆ. ಗೆರೆ ದಾಟಿದರೆ ಫೌಲ್ ಅನ್ನೋ ಈ ನಿಯಮ ಅವರಿಗೆ ಯಾವ ಮಾಸ್ತರರೂ ಹೇಳಿಕೊಟ್ಟಿರಲಿಲ್ಲ, ಟಿವಿ ನೋಡಿಯೇ ಕಲಿತದ್ದು.

ಹಾಗಂತ ಎಲ್ಲವನ್ನೂ ನೋಡಬೇಕಾಗಿಲ್ಲ. ಓವರಿಗೊಂದು ಗುಟ್ಕಾ ಕಂಪನಿಯ ಜಾಹೀರಾತು ಬರುವ ಕ್ರಿಕೆಟ್ ನಾನೂ ಬಿಟ್ಟಿದ್ದೇನೆ. ಸ್ಟುಡಿಯೋದಲ್ಲಿ ಕೂತು ಅರಚುವವರ ಕಾಟವಂತೂ ಬೇಡವೇ ಬೇಡ, ಸೌಂಡ್ ಬಂದ್ ಮಾಡಿ ನೋಡಿದರೂ ಆಯಿತು.

ನಿದ್ದೆ ಕೆಡುತ್ತೆ ಅನ್ನೋದು ನಿಜ. ಆದರೆ 2028ರ ಒಲಿಂಪಿಕ್ಸ್ ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿ ಸಂಜೆ ಏಳು ಅಂದರೆ ನಮಗೆ ಬೆಳಿಗ್ಗೆ ಏಳೂವರೆ. ಆಫೀಸಿಗೆ ಏನು ನೆಪ ಹೇಳೋದು ಅನ್ನೋದೇ ಆಗ ತಲೆನೋವು.