ಏಳು ಸಲವೋ, ಒಂಬತ್ತು ಸಲವೋ?

ಹೋದ ವಾರ ಪೆನ್ನು ತರಲು ಸ್ಟೇಷನರಿ ಅಂಗಡಿಗೆ ಹೋಗಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ ಬಂದು ನಿಂತರು. "ಒಂಬತ್ತನೇತ್ತಾದು ಪ್ರಾಜೆಕ್ಟ್ ಐತೇನ್ರಿ?" ಅಂಗಡಿಯವನು ತಲೆ ಎತ್ತದೇ ಕೇಳಿದ, "ಜ್ವಾಲಾಮುಖಿ ಕೊಡ್ಲೋ, ಜಲಚಕ್ರ ಕೊಡ್ಲೋ?" ಜೋಳ, ಸಜ್ಜಿ ಕೇಳಿದ ಹಾಗೆ.

ನಗು ಬಂತು. ಆಮೇಲೆ ನಾಚಿಕೆ ಆಯ್ತು. ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಆ ಜ್ವಾಲಾಮುಖಿಗೆ ಎಷ್ಟು ವರ್ಷ ಅಂಕ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕೆಂಪು ಬಣ್ಣ ಚೆನ್ನಾಗಿದ್ದರೆ ಒಂದು ಅಂಕ ಜಾಸ್ತಿ. ಸ್ಪೈರಲ್ ಬೈಂಡಿಂಗ್ ಇದ್ದರೆ ಇನ್ನೊಂದು. ಬಿ.ಇಡಿ ಓದುವಾಗ ಅಮೆರಿಕದ ಶಿಕ್ಷಣತಜ್ಞ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಬರೆದ ಪ್ರಾಜೆಕ್ಟ್ ಮೆಥಡ್ ಬಗ್ಗೆ ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆ. ಮಕ್ಕಳು ಮನಸಾರೆ ತೊಡಗಿಕೊಂಡು ಮಾಡಿ ಕಲಿಯಬೇಕು ಎಂಬ ಮಾತನ್ನೇ ನಾನು ಉರು ಹೊಡೆದು ಕಲಿತವನು!

ಈ ಸಲ ಯಾಕೋ ಬೇರೆ ಏನಾದರೂ ಮಾಡೋಣ ಅನ್ನಿಸಿತ್ತು. ಒಂಬತ್ತನೇ ತರಗತಿಯಲ್ಲಿ 'ಶಬ್ದ' ಪಾಠ ನಡೆದಿತ್ತು. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಎರಡು ಸದ್ದಿನ ನಡುವೆ ಕನಿಷ್ಠ 0.1 ಸೆಕೆಂಡ್ ಇರಬೇಕು, ಗೋಡೆ 17.2 ಮೀಟರ್ ದೂರ ಇರಬೇಕು. ಬೋರ್ಡಿನ ಮೇಲೆ ಒಂದು ಗುಡ್ಡ ಬರೆದು, ಮುಂದೆ ಒಬ್ಬ ಮನುಷ್ಯನನ್ನು ನಿಲ್ಲಿಸಿದೆ. ಕಿಟಕಿಯ ಹತ್ತಿರ ಕೂತ ಹುಡುಗಿ ಕೇಳಿದಳು, "ಸರ್, ಗುಡ್ಡ ಯಾಕ್ರಿ? ಗೋಲಗುಮ್ಮಟ ಐತಲ್ರಿ?"

ಅಲ್ವಾ? 1656ರಲ್ಲಿ ಮುಗಿದ ಕಟ್ಟಡ, ಅದರ ಪಿಸುಮಾತಿನ ಗ್ಯಾಲರಿ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾನು ಅದೇ ಊರಿನಲ್ಲಿ ನಿಂತು ಸೀಮೆಸುಣ್ಣದಲ್ಲಿ ಗುಡ್ಡ ಬರೆಯುತ್ತಿದ್ದೇನೆ.

ಅಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ ಎಂದು ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಹತ್ತು ಅನ್ನುವವರೂ ಇದ್ದಾರೆ. "ನಿಜವಾಗಿ ಎಷ್ಟು?" ಎಂದು ತರಗತಿಯಲ್ಲಿ ಕೇಳಿದೆ. ಉತ್ತರ ನನಗೂ ಗೊತ್ತಿರಲಿಲ್ಲ. ಅದನ್ನು ಮಕ್ಕಳಿಗೆ ಹೇಳಿಯೂ ಬಿಟ್ಟೆ. ಸರ್‌ಗೆ ಗೊತ್ತಿಲ್ಲ ಅಂದ ಕೂಡಲೇ ಅವರ ಮುಖದಲ್ಲಿ ಬಂದ ಕಳೆ ನೋಡಬೇಕಿತ್ತು.

ಭಾನುವಾರ ಬೆಳಿಗ್ಗೆ, ಮಂದಿ ಬರುವ ಮುಂಚೆ ಹೋದೆವು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹಾಗಾಗಿ ಖರ್ಚು ಅಂದರೆ ನನ್ನ ಟಿಕೆಟ್ ಮತ್ತು ಎಲ್ಲರ ಚುರುಮರಿ. ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿ ಮೇಲೆ ಹೋಗುವಷ್ಟರಲ್ಲಿ ನನಗೆ ಏದುಸಿರು. ಮಕ್ಕಳಿಗೆ ಏನೂ ಇಲ್ಲ.

ಎಣಿಸಲು ಶುರು ಮಾಡಿದ ಮೇಲೆ ಜಗಳ ಹತ್ತಿತು. ಒಬ್ಬ ಏಳು ಅಂದ, ಇನ್ನೊಬ್ಬಳು ಒಂಬತ್ತು ಅಂದಳು, ಮೂರನೆಯವನು ಹನ್ನೊಂದು. ಕಡೆಗೆ ಮಾತು ಎಲ್ಲಿಗೆ ಬಂತೆಂದರೆ, ಕಿವಿಗೆ ಸಣ್ಣಗೆ ಕೇಳಿದ್ದನ್ನೂ 'ಒಂದು' ಅಂತ ಎಣಿಸಬೇಕೋ ಬೇಡವೋ? ಇಷ್ಟು ವರ್ಷದಲ್ಲಿ ನನ್ನ ತರಗತಿಯಲ್ಲಿ ಇಂಥ ಪ್ರಶ್ನೆ ಬಂದಿರಲಿಲ್ಲ. ಬಡಿಗತನ ಮಾಡುವವರ ಮನೆಯ ಹುಡುಗ ಹೇಳಿದ, "ಚಪ್ಪಾಳಿ ಬ್ಯಾಡ್ರಿ ಸರ್, ಒಬ್ಬೊಬ್ಬರದು ಒಂದೊಂದು ನಮೂನಿ ಆಕ್ಕೈತಿ. ಎರಡು ಹಲಗಿ ಬಡಿಯೋಣು." ಮುಂದಿನ ವಾರ ಅಂಗೈಯಗಲದ ಎರಡು ಹಲಗೆ ತಂದ. ಬಡಿದ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಪರದೆಯ ಮೇಲಿನ ಗೆರೆಗಳ ಅಂತರ ಅಳೆದರು.

ಗುಮ್ಮಟದ ಒಳಗಿನ ವ್ಯಾಸ ಸುಮಾರು 38 ಮೀಟರ್. ಗೋಡೆಯ ಹತ್ತಿರ ನಿಂತರೆ ಸದ್ದು ಎದುರು ಗೋಡೆಗೆ ಹೋಗಿ ಬರಲು 76 ಮೀಟರ್. ಪಾಠದಲ್ಲಿರುವ ಸದ್ದಿನ ವೇಗ, ಸೆಕೆಂಡಿಗೆ 344 ಮೀಟರ್, ಅದರಿಂದ ಭಾಗಿಸಿದರೆ 0.22 ಸೆಕೆಂಡ್. ಈ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಮಾಡಿಸಿದ್ದರೆ ಎರಡು ನಿಮಿಷದ ಕೆಲಸ. ಅವರು ಎರಡು ಭಾನುವಾರ ತೆಗೆದುಕೊಂಡರು. ನಡುವೆ ಒಂದು ದೊಡ್ಡ ಗುಂಪು ಪ್ರವಾಸಿಗರು ಬಂದರು. ಅವರ ಗದ್ದಲ ನಿಂತ ಮೇಲೂ ಸದ್ದು ಮೊದಲಿನಷ್ಟು ಸಲ ಕೇಳಲಿಲ್ಲ. "ಮಂದಿ ಸುಮ್ನ ನಿಂತ್ರೂ ದನಿ ಯಾಕ ಕಡಿಮಿ ಆಕ್ಕೈತ್ರಿ?" ಅಂದಳು ಒಬ್ಬಳು. ಬಟ್ಟೆ, ಮೈ ಎಲ್ಲ ಸದ್ದನ್ನು ಹೀರುತ್ತವೆ ಎಂದು ನಾನು ಹೇಳಲು ಹೊರಟವನು ಬಾಯಿ ಮುಚ್ಚಿಕೊಂಡೆ. ಅರ್ಧ ಗಂಟೆಯಲ್ಲಿ ಮಕ್ಕಳೇ ಆ ಉತ್ತರಕ್ಕೆ ಬಂದರು, ಮನೆಯ ಖಾಲಿ ಕೋಣೆ ಮತ್ತು ಹಾಸಿಗೆ ತುಂಬಿದ ಕೋಣೆಯ ಉದಾಹರಣೆ ಹಿಡಿದು.

ಸ್ಟಾಫ್ ರೂಮಿನಲ್ಲಿ ಮಾತು ಬಂದೇ ಬಂತು. "ಸಿಲಬಸ್ ಯಾರು ಮುಗಿಸೋರು ಸರ್?" ಸುಳ್ಳಲ್ಲ. ಮುಂದಿನ ವರ್ಷ ಇದೇ ಮಕ್ಕಳು ಎಸ್‌ಎಸ್‌ಎಲ್‌ಸಿಯಲ್ಲಿ 80 ಅಂಕಕ್ಕೆ ಕೂತು ಬರೆಯಬೇಕು. ಪ್ರಾಜೆಕ್ಟು, ಚಟುವಟಿಕೆ ಎಲ್ಲ ಸೇರಿ ಆಂತರಿಕ ಅಂಕ 20. ಆ 20ರಲ್ಲಿ ನಾವು ಯಾರಿಗೂ ಕೈ ಬಿಗಿ ಹಿಡಿಯುವುದಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ಮತ್ತೆ ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ? ಅಂಗಡಿಯ ಜ್ವಾಲಾಮುಖಿಯೇ ಸಾಕು.

ಎಲ್ಲ ಪಾಠವನ್ನೂ ಹೀಗೇ ಕಲಿಸಬೇಕು ಎಂದು ನಾನು ಹೇಳುತ್ತಿಲ್ಲ. ಆಗುವುದೂ ಇಲ್ಲ. ಸೂತ್ರ ಮೊದಲೇ ಗೊತ್ತಿಲ್ಲದಿದ್ದರೆ ಆ 0.22 ಕೂಡ ಸಿಗುತ್ತಿರಲಿಲ್ಲ. ಆದರೆ ಪ್ರತಿ ವಿಷಯಕ್ಕೂ ವರ್ಷವಿಡೀ ಫೈಲು ಬರೆಸುವ ಬದಲು, ಇಡೀ ವರ್ಷಕ್ಕೆ ಒಂದೇ ಒಂದು ಪ್ರಾಜೆಕ್ಟ್ ಇಡಿ. ಷರತ್ತು ಎರಡೇ. ಉತ್ತರ ಮೇಷ್ಟ್ರಿಗೂ ಗೊತ್ತಿರಬಾರದು, ಅಂಗಡಿಯಲ್ಲೂ ಸಿಗಬಾರದು. ತೊರವಿ ಕಡೆಯಿಂದ ಸುರಂಗದಲ್ಲಿ ಊರಿಗೆ ನೀರು ತಂದ ಆದಿಲ್‌ಶಾಹಿಗಳ ಕರೇಜ್ ಇದೆ. ಪಂಪಿಲ್ಲದೆ ನೀರು ಹರಿಯಬೇಕಾದರೆ ಇಳಿಜಾರು ಎಷ್ಟಿರಬೇಕು? ಗುಳೇದಗುಡ್ಡದ ಮಕ್ಕಳಿಗೆ ಅವರೂರಲ್ಲಿ ನೇಯುವ ಒಂದು ಖಣದಲ್ಲಿ, ಅಂದರೆ ಕುಪ್ಪಸದ ಬಟ್ಟೆಯಲ್ಲಿ, ಎಷ್ಟು ಎಳೆ ಎಂಬುದೇ ಸಾಕು.

ಅಂದ ಹಾಗೆ, ಗುಮ್ಮಟದಲ್ಲಿ ಸದ್ದಿನ ಅಂತರ ಅಳೆದ ಮೂರು ಗುಂಪಿನಲ್ಲಿ ಎರಡಕ್ಕೆ 0.2 ಸೆಕೆಂಡಿನ ಆಸುಪಾಸು ಬಂತು. ಮೂರನೆಯದಕ್ಕೆ 0.3 ದಾಟಿತು. ಆ ಗುಂಪಿನ ಹುಡುಗಿ ಪಕ್ಕದವರ ಅಂಕಿ ನೋಡಿ ತಿದ್ದಬಹುದಿತ್ತು. ಪುಸ್ತಕದಲ್ಲಿ ಹೀಗೆ ಬರೆದಿದ್ದಳು: "ನಮ್ಮದು ತಪ್ಪಿದೆ. ಯಾಕೆ ತಪ್ಪಿತು ಗೊತ್ತಿಲ್ಲ. ಇನ್ನೊಂದು ಸಲ ಹೋಗಬೇಕು."

ಈ ಭಾನುವಾರ ಹೊರಟಿದ್ದೇವೆ. ಹಲಗೆಯ ಜೊತೆ ಒಂದು ಉದ್ದನೆಯ ಟೇಪು ಬೇಕಂತೆ, ಯಾರ ಹತ್ತಿರವಾದರೂ ಇದ್ದರೆ ಹೇಳಿ.