“ಇಲ್ಲಿ ಏನಿದೆ ನೋಡುವುದಕ್ಕೆ?”

ಅಂಡಮಾನಿನಿಂದ ರಜೆಗೆ ಕಲಬುರಗಿಗೆ ಬಂದಿದ್ದೇನೆ. ಮೊನ್ನೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಬನ್ನಿ ಗಿಡದ ಕೆಳಗೆ ಪೂಜೆ ಮುಗಿಸಿ, ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಎದೆಯುದ್ದ ನಿಂತ ಜೋಳದ ಪಕ್ಕದಲ್ಲಿ ಚಾಪೆ ಹಾಸಿ ಕುಳಿತೆವು. ಭಜ್ಜಿ, ಸಜ್ಜೆ ಕಡುಬು, ಶೇಂಗಾ ಹಿಂಡಿ. ಎರಡು ವರ್ಷದಿಂದ ನಾನು ಆಸೆಪಟ್ಟು ಕಾದಿದ್ದ ಊಟ. ಅದರ ನಡುವೆಯೇ ಭಾವ ಅಂದರು: “ನಿನಗೇನಮ್ಮ, ಭಾನುವಾರ ಬಂದರೆ ಗುಡ್ಡ, ಕಡಲು. ನಮ್ಮಲ್ಲಿ ಏನಿದೆ ನೋಡುವುದಕ್ಕೆ? ಬಿಸಿಲು, ಕಲ್ಲು.” ಅಕ್ಕ ಹೌದೆಂದು ತಲೆಯಾಡಿಸಿದಳು. ಆರನೆಯ ತರಗತಿಯ ಅವಳ ಮಗಳೂ ಕಡುಬು ಮುರಿಯುತ್ತ ಅದನ್ನೇ ಹೇಳಿದಳು: “ಇಲ್ಲಿ ಏನೂ ಇಲ್ಲ, ಮೌಶಿ.”

ಭಾವನ ಮಾತನ್ನು ನುಂಗಿಕೊಂಡಿದ್ದೆ. ಆ ಹುಡುಗಿಯ ಮಾತನ್ನು ಇನ್ನೂ ನುಂಗಲು ಆಗಿಲ್ಲ.

ನನ್ನ ಗಂಡನಿಗೆ ವರ್ಗವಾಗಿ ನಾವು ಪೋರ್ಟ್ ಬ್ಲೇರ್‌ಗೆ ಹೋದಾಗ ನಾನು ಎಷ್ಟು ಅತ್ತಿದ್ದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ರಾತ್ರಿ ಹೊತ್ತು ನಿಮಗೇ ಫೋನ್ ಮಾಡುತ್ತಿದ್ದೆ. (ಊರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಗಿದೆ, ನನ್ನ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ.) ಸುತ್ತಲೂ ನೀರು. ಸಾಮಾನೆಲ್ಲ ಹಡಗಿನಲ್ಲಿ ಬರಬೇಕು. ಜೋಳದ ಹಿಟ್ಟು ಮುಗಿದರೆ ಮುಗಿಯಿತು. ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಆಮೇಲೆ ಮುಗಿಯದ ರಾತ್ರಿ. ಮೂರು ತಿಂಗಳು ಕಿಟಕಿಯ ಬಳಿಯೇ ಕುಳಿತಿದ್ದೆ.

ನನ್ನನ್ನು ಎಬ್ಬಿಸಿದವರು ಪಕ್ಕದ ಮನೆಯ ಬಂಗಾಳಿ ಅಕ್ಕ. ಒಂದು ಭಾನುವಾರ ಬೆಳಗಿನ ಜಾವ ಬಾಗಿಲು ಬಡಿದು, ಬೂಟು ಹಾಕಿಕೋ ಎಂದರು. ಚಾಥಮ್ ಜೆಟ್ಟಿಯಿಂದ ದೋಣಿಯಲ್ಲಿ ಬ್ಯಾಂಬೂ ಫ್ಲಾಟ್, ಅಲ್ಲಿಂದ ಮೌಂಟ್ ಹ್ಯಾರಿಯಟ್. ಅದಕ್ಕೂ ಈಗ ಮೌಂಟ್ ಮಣಿಪುರ ಎಂಬ ಹೆಸರಿದೆ. 1891ರ ಯುದ್ಧದ ನಂತರ ಮಣಿಪುರದ ರಾಜಮನೆತನದವರನ್ನು ಗಡೀಪಾರು ಮಾಡಿದ್ದು ಆ ದ್ವೀಪಗಳಿಗೇ. ಗುಡ್ಡ ನಾನೂರು ಮೀಟರ್ ಎತ್ತರವೂ ಇಲ್ಲ. ಆದರೆ ಹತ್ತುವಾಗ ಆಕೆ ಪ್ರತಿ ತಿರುವಿನಲ್ಲೂ ನಿಂತು ತೋರಿಸುತ್ತಿದ್ದರು: ಇದು ಪಡೌಕ್ ಮರ, ಅಗೋ ಆ ಕೆಳಗಿನ ಹೋಪ್‌ಟೌನ್‌ನಲ್ಲಿಯೇ 1872ರಲ್ಲಿ ಶೇರ್ ಅಲಿ ಎಂಬ ಕೈದಿ ವೈಸರಾಯ್ ಮೇಯೋನನ್ನು ಇರಿದು ಕೊಂದದ್ದು. ಆಕೆ ಇತಿಹಾಸ ಓದಿದವರಲ್ಲ. ತಮ್ಮ ಊರು ಎಂದು ತಿಳಿದುಕೊಂಡಿದ್ದಾರೆ, ಅಷ್ಟೆ.

ಅಂದಿನಿಂದ ಭಾನುವಾರ ತಪ್ಪಿಸಿಲ್ಲ. ಹ್ಯಾರಿಯಟ್‌ನಿಂದ ಕಾಲಾ ಪತ್ಥರ್ ದಾಟಿ ಮಧುಬನಕ್ಕೆ ಇಳಿದಿದ್ದೇವೆ. ಚಿಡಿಯಾ ಟಾಪುವಿನ ಮುಂಡಾ ಪಹಾಡ್ ತುದಿಯಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಿದ್ದೇವೆ. ಅಂಡಮಾನಿನ ಅತಿ ಎತ್ತರದ ಸ್ಯಾಡಲ್ ಪೀಕ್ 732 ಮೀಟರ್, ಅದನ್ನೂ ಹತ್ತಿ ಬಂದೆ. ಹೊಸ ಜಾಗ ನನ್ನ ಮನೆಯಾದದ್ದು ಹೀಗೆ, ಕಾಲಿನಿಂದ.

ಹಾಗಾದರೆ ನಾನು ಮೂವತ್ತನಾಲ್ಕು ವರ್ಷ ಇದ್ದ ಕಲಬುರಗಿ? ಅದನ್ನು ನಡೆದು ನೋಡಿದ್ದೆನೇ? ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ಕೋಟೆಯ ಒಳಗೆ ನಾನು ಎರಡೇ ಸಲ ಕಾಲಿಟ್ಟಿದ್ದು, ಅದರಲ್ಲಿ ಒಂದು ಸಲ ಶಾಲೆಯಿಂದ. ಆ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಮಾಡು ಇದೆ ಎಂಬುದನ್ನು ತಲೆಯೆತ್ತಿ ಗಮನಿಸಿದ್ದು ಈ ರಜೆಯಲ್ಲಿ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಆ ಹುಡುಗಿಯ ಮಾತು ನಾಟಿದ್ದೂ ಇದಕ್ಕೇ: ನಾನೂ ಅವಳ ವಯಸ್ಸಿನಲ್ಲಿ ಅದನ್ನೇ ಕೇಳಿ, ಅದನ್ನೇ ನಂಬಿ ಬೆಳೆದವಳು.

ಎಳ್ಳಮಾವಾಸ್ಯೆಯ ಮಾರನೆಯ ದಿನವೇ ಅವಳನ್ನು ಕರೆದುಕೊಂಡು ಸನ್ನತಿಗೆ ಹೋದೆ. ಅಲ್ಲಿಯ ಚಂದ್ರಲಾಂಬೆ ನಮ್ಮ ಮನೆದೇವರು. ವರ್ಷಕ್ಕೊಮ್ಮೆ ಇಡೀ ಮನೆ ಹೋಗುತ್ತದೆ, ಉಡಿ ತುಂಬುತ್ತದೆ, ಕಾಯಿ ಒಡೆಸುತ್ತದೆ, ಭೀಮಾ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು ಮರಳುತ್ತದೆ. ಅದೇ ಆವರಣದ ಕಾಳಿಕಾ ಗುಡಿಯ ಮಾಡು 1986ರಲ್ಲಿ ಕುಸಿದು ಬಿದ್ದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಬೌದ್ಧ ಸ್ತೂಪ ಸಿಕ್ಕಿತು, ಅದರ ಒಂದು ಫಲಕದಲ್ಲಿ ರಾಣಿಯರೊಡನೆ ನಿಂತ ರಾಜನ ಚಿತ್ರ, ಪಕ್ಕದಲ್ಲಿ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂಬ ಬರಹ. ಪಾಠದಲ್ಲಿ ಓದುವ ಅಶೋಕ, ಹೆಸರು ಬರೆಸಿಕೊಂಡು ನಮ್ಮ ಭೀಮೆಯ ದಂಡೆಯಲ್ಲಿ ನಿಂತಿದ್ದಾನೆ! ನಾವು ಇಷ್ಟು ವರ್ಷ ಗುಡಿಯಿಂದ ನೇರ ಮನೆಗೆ ಬಂದಿದ್ದೇವೆ. ಒಮ್ಮೆಯೂ, ಒಬ್ಬರೂ, ಆ ಕಡೆ ನಾಲ್ಕು ಹೆಜ್ಜೆ ಹೋಗಿ ಬರೋಣ ಎನ್ನಲಿಲ್ಲ. ಮೇಲಿಂದ ಮಕ್ಕಳಿಗೆ ಹೇಳುತ್ತೇವೆ, ಇಲ್ಲಿ ಏನೂ ಇಲ್ಲ ಎಂದು.

ಬಿಸಿಲು ಎನ್ನುತ್ತೀರಿ, ಗೊತ್ತು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಗುಡ್ಡ ಹತ್ತಿ ಎಂದು ನಾನೂ ಹೇಳುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿವರೆಗೆ ಏನು ಅಡ್ಡಿ? ಬೆಳಗಿನ ಆರು ಗಂಟೆಗೆ ಏನು ಅಡ್ಡಿ? ಅಂಡಮಾನಿನಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ, ಕಾಡಿಗೆ ಹೋದರೆ ಜಿಗಣೆ ಹತ್ತುತ್ತದೆ, ಕೆಲವು ಕಡಲತೀರಗಳಲ್ಲಿ ಮೊಸಳೆ ಇದೆ ಎಂದು ಫಲಕ ಹಾಕಿದ್ದಾರೆ. ಆದರೂ ಜನ ಮನೆಯಲ್ಲಿ ಕೂರುವುದಿಲ್ಲ. ಹೆಂಗಸರಿಗೆ ಶೌಚಾಲಯವಿಲ್ಲ, ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ ಎಂದರೆ ಮಾತ್ರ ನಾನು ಒಪ್ಪುತ್ತೇನೆ. ಆ ಕಷ್ಟ ನಾನೂ ಅನುಭವಿಸಿದ್ದೇನೆ. ಆದರೆ ಹೋಗುವವರೇ ಇಲ್ಲದ ಕಡೆ ಅವನ್ನು ಕೇಳುವವರು ಯಾರು?

ನಮ್ಮ ಜನಕ್ಕೆ ಹೊರಗೆ ಹೋಗುವ ರೂಢಿ ಇಲ್ಲ ಎಂಬ ಮಾತನ್ನಂತೂ ಕೇಳಲೇಬೇಡಿ. ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲದ ಹಾದಿ ಹಿಡಿಯುವುದಿಲ್ಲವೇ? ಮುದುಕರು, ಬಾಣಂತಿಯರು, ಹೊಲವಿಲ್ಲದವರೂ ಸೇರಿ? ಆ ಬುಟ್ಟಿಯನ್ನೇ ಇನ್ನು ನಾಲ್ಕು ಭಾನುವಾರ ಹೊರಿ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲಿದೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ, ನೆಲದಡಿಯಲ್ಲಿ ಸುರಂಗ ಕೊರೆದು ನೀರು ಹರಿಸಿದ್ದು. ಚಿಂಚೋಳಿಯ ಕಾಡಿಗೆ 2011ರಲ್ಲಿ ವನ್ಯಜೀವಿಧಾಮದ ಮಾನ್ಯತೆ ಸಿಕ್ಕಿತು. ಅದನ್ನು ನೋಡದ ಕಲಬುರಗಿಯವರು ನನ್ನ ಬಳಗದಲ್ಲೇ ಇಪ್ಪತ್ತು ಜನ ಇದ್ದಾರೆ. ಬೇಕಾದರೆ ಹೆಸರು ಹಿಡಿದು ಕೂಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸನ್ನತಿಯಿಂದ ಬರುವಾಗ ಹುಡುಗಿ ಕಾರಿನ ಕಿಟಕಿಗೆ ಮುಖ ಹಚ್ಚಿ ತೊಗರಿ ಹೊಲಗಳನ್ನೇ ನೋಡುತ್ತಿದ್ದಳು. ಶಹಾಬಾದ್ ದಾಟಿದ ಮೇಲೆ ಕೇಳಿದಳು: “ಮೌಶಿ, ಈ ಹೊಲದ ಕೆಳಗೂ ಏನಾದರೂ ಇರಬಹುದಾ?” ನಾನು ಉತ್ತರ ಕೊಡಲಿಲ್ಲ, ಗಂಟಲು ಕಟ್ಟಿತ್ತು.

ಹನ್ನೆರಡನೆಯ ತಾರೀಖು ನನ್ನ ವಿಮಾನ. ಅದಕ್ಕೂ ಮುಂಚೆ ಈ ಭಾನುವಾರ ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಜಲಾಶಯದ ಕಡೆ ಹೊರಟಿದ್ದೇವೆ, ಬೆಳಿಗ್ಗೆ ಐದಕ್ಕೆ. ರೊಟ್ಟಿ ಅಕ್ಕ ಮಾಡುತ್ತಾಳೆ. ಭಾವನೂ ಬೂಟು ಹುಡುಕುತ್ತಿದ್ದಾರೆ.