20 ಬಾರ್ ಯಂತ್ರ, 165 ವೋಲ್ಟ್ ಮನೆ

ಪೆಟ್ಟಿಗೆಯ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ “20 ಬಾರ್” ಎಂದು ಬರೆದಿದೆ. ಬಾರ್ ಎಂದರೆ ಒತ್ತಡದ ಅಳತೆ. ಆ ಪೆಟ್ಟಿಗೆಯಲ್ಲಿ ಈಗ ನಮ್ಮ ಬೆಕ್ಕು ಮೂರು ಮರಿ ಹಾಕಿ ಮಲಗಿದೆ. ಒಳಗಿದ್ದ ಎಸ್ಪ್ರೆಸೊ ಯಂತ್ರ, ಅಂದರೆ ಬಿಸಿನೀರನ್ನು ಒತ್ತಡದಿಂದ ಪುಡಿಯೊಳಗೆ ನುಗ್ಗಿಸಿ ಗಟ್ಟಿ ಕಾಫಿ ಇಳಿಸುವ ಯಂತ್ರ, ಅಡುಗೆಮನೆಯ ಕಟ್ಟೆಯ ಮೂಲೆ ಸೇರಿದೆ. ಅದರ ತಲೆಯ ಮೇಲೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. 14,000 ರೂಪಾಯಿಯ ಭರಣಿಪೀಠ ಶಿರಸಿ ತಾಲೂಕಿನಲ್ಲಿ ಬೇರೆ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ, ಇಬ್ಬರೂ ಕುಳಿತು ಅಳೋಣ.

ತಪ್ಪು ನನ್ನದೂ ಇದೆ. ಚಾಲಿ ಅಡಿಕೆ ಕೊಟ್ಟ ದುಡ್ಡು ಕೈಯಲ್ಲಿತ್ತು. ಅಡಿಕೆ ಸಾಲಿನ ನಡುವೆ ನೆಟ್ಟ ರೊಬಸ್ಟಾ ಗಿಡಗಳು ಎರಡು ವರ್ಷದಿಂದ ಫಸಲು ಕೊಡುತ್ತಿವೆ. ಕಾಫಿ ಬೆಳೆಯುವವನ ಮನೆಯಲ್ಲಿ ಒಂದು ಒಳ್ಳೆಯ ಕಾಫಿ ಇಲ್ಲವೇ ಎಂಬ ಜಂಬ ತಲೆಗೇರಿತ್ತು. ನಮ್ಮದು ಮೂಲತಃ ಕಷಾಯದ ಮನೆ. ಬಂದವರಿಗೆ ಆಸರಿಗೆ ಏನು ಎಂದು ಕೇಳಿ, ಕೊತ್ತಂಬರಿ ಜೀರಿಗೆಯ ಕಷಾಯವನ್ನು ಹಾಲು ಬೆಲ್ಲ ಹಾಕಿ ಕುದಿಸಿ ಕೊಟ್ಟು ಬೆಳೆದವರು ನಾವು. ಹಾಗಿರುವಾಗ ಬೆಂಗಳೂರಿನ ಭಾವನ ಮನೆಯಲ್ಲಿ ಒಂದು ಬೆಳಿಗ್ಗೆ ಎರಡೇ ಗುಟುಕು ಎಸ್ಪ್ರೆಸೊ ಕುಡಿದೆ. ಮೇಲೆ ಜೇನಿನ ಬಣ್ಣದ ನೊರೆ, ಗಂಟಲಿನಲ್ಲಿ ಅರ್ಧ ಗಂಟೆ ಉಳಿದ ಪರಿಮಳ. ಕೆಟ್ಟದ್ದು ಅಲ್ಲಿಗೆ.

ಯಂತ್ರ ಆರಿಸಲು ಮೂರು ವಾರ ಕುಳಿತೆ. ಒಂದರಲ್ಲಿ 15 ಬಾರ್, ಇನ್ನೊಂದರಲ್ಲಿ 19, ಮತ್ತೊಂದರಲ್ಲಿ 20. ಬೆಲೆಯೂ ಅದೇ ಮೆಟ್ಟಿಲು ಹತ್ತುತ್ತದೆ. ಮಾರುವವರಿಗೆ ಫೋನು ಮಾಡಿ ವ್ಯತ್ಯಾಸವೇನು ಎಂದು ಕೇಳಿದರೆ, “ಬಾರ್ ಹೆಚ್ಚಾದಷ್ಟೂ ಕಾಫಿ ಗಟ್ಟಿ ಸರ್” ಎಂಬ ಉತ್ತರ. ಮೂವತ್ತು ಮಳೆಗಾಲ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ ನಾನು, ಒತ್ತಡದ ಪಂಪನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲ ನಾನು, ಆ ಮಾತನ್ನು ನಂಬಿದೆ! ಪಂಪಿನ ತಾಕತ್ತು ಬೇರೆ, ನಳಿಕೆಯ ತುದಿಯಲ್ಲಿ ಬೇಕಾದ ಒತ್ತಡ ಬೇರೆ ಎಂಬುದು ಮರದ ತುದಿಯಲ್ಲಿ ನೇತಾಡುತ್ತ ಔಷಧ ಹೊಡೆಯುವ ಕೊನೆಗೌಡನನ್ನು ಕೇಳಿದ್ದರೆ ಅವನೇ ಹೇಳುತ್ತಿದ್ದ.

ಎಸ್ಪ್ರೆಸೊಗೆ ಒತ್ತಿ ಕೂರಿಸಿದ ಪುಡಿಯ ಬಿಲ್ಲೆಯ ಮೇಲೆ ಬೇಕಾದದ್ದು ಸುಮಾರು 9 ಬಾರ್. 1948ರಲ್ಲಿ ಇಟಲಿಯ ಗಾಜಿಯಾ ಎಂಬಾತ ಸ್ಪ್ರಿಂಗಿನ ಹಿಡಿಕೆ ಎಳೆಯುವ ಯಂತ್ರ ತಂದಾಗ ಸಿಕ್ಕ ಒತ್ತಡ ಹೆಚ್ಚುಕಡಿಮೆ ಅಷ್ಟೇ. ಕಾಫಿಯ ಮೇಲೆ ಕೆನೆಯಂಥ ನೊರೆ ಕುಳಿತದ್ದೂ ಆ ಯಂತ್ರದಿಂದ. 1961ರಲ್ಲಿ ವಿದ್ಯುತ್ ಪಂಪಿನ ಯಂತ್ರ ಬಂತು, ಆಗಲೂ ಅದೇ ಒಂಬತ್ತು. ಪೆಟ್ಟಿಗೆಯ ಮೇಲಿನ ಇಪ್ಪತ್ತು ಎಂದರೆ ಬಾಯಿ ಮುಚ್ಚಿದಾಗ ಪಂಪು ತಿಣುಕಿ ತೋರಿಸಬಲ್ಲ ಒತ್ತಡ, ಕಾಫಿಗೆ ಅದರಿಂದ ಕವಡೆಯ ಉಪಯೋಗವಿಲ್ಲ. ಒಳ್ಳೆಯ ಯಂತ್ರದಲ್ಲಿ ಹೆಚ್ಚಾದ ಒತ್ತಡವನ್ನು ಹೊರಗೆ ಬಿಡಲು ಒಂದು ಕವಾಟ ಇರುತ್ತದೆ. ಅಂದರೆ ದುಬಾರಿ ಯಂತ್ರ ಮಾಡುವವರು ಖರ್ಚು ಮಾಡಿ ಒತ್ತಡ ಇಳಿಸುತ್ತಾರೆ; ಅಗ್ಗದ ಯಂತ್ರ ಮಾರುವವರು ತಾವು ಇಳಿಸದೇ ಬಿಟ್ಟದ್ದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಅದಕ್ಕೆ ದುಡ್ಡು ಕೇಳುತ್ತಾರೆ. ಇದು ನನಗೆ ತಿಳಿದದ್ದು ದುಡ್ಡು ಕೊಟ್ಟ ಮೇಲೆ.

ಯಂತ್ರ ಬಂದದ್ದು ಮೃಗಶಿರ ಮಳೆಯ ಜೊತೆಗೆ. “ಮನೆ ಬಾಗಿಲಿಗೆ ತಲುಪಿಸುತ್ತೇವೆ” ಎಂದಿದ್ದರು. ಅವರ ಲೆಕ್ಕದಲ್ಲಿ ನಮ್ಮ ಮನೆಯ ಬಾಗಿಲು ಶಿರಸಿ ಪೇಟೆಯ ಕೊರಿಯರ್ ಅಂಗಡಿಯಲ್ಲಿದೆ. ಹುಲೇಕಲ್ ಕಡೆಯ ನಮ್ಮ ಹಳ್ಳಿಗೆ ಬೈಕಿನ ಹಿಂದೆ ಕಟ್ಟಿ, ನನ್ನ ಪ್ಲಾಸ್ಟಿಕ್ ಕೊಪ್ಪೆಯನ್ನು ಅದಕ್ಕೆ ಹೊದಿಸಿ ತಂದೆ. ಅದು ನೆನೆಯಲಿಲ್ಲ, ನಾನು ನೆನೆದೆ. ಆ ರಾತ್ರಿಯೇ ಒಂದು ಮತ್ತಿಮರ ತಂತಿಯ ಮೇಲೆ ಉರುಳಿತು. ಐದು ದಿನ ಕರೆಂಟಿಲ್ಲ. ಹಿಂದಿರುಗಿಸಲು ಇದ್ದ ಗಡುವು ಏಳು ದಿನ. ಐದು ಸಂಜೆ ಚಿಮಣಿ ದೀಪದ ಬೆಳಕಿನಲ್ಲಿ ಕೈಪಿಡಿ ಓದಿದೆ. ಆರನೆಯ ದಿನ ಕರೆಂಟು ಬಂತು, ಏಳನೆಯ ದಿನ ಏನೋ ಸರಿಯಿಲ್ಲ ಎಂದು ಗೊತ್ತಾಯಿತು, ಎಂಟನೆಯ ದಿನ ಫೋನಿಗೆ ನೆಟ್‌ವರ್ಕ್ ಸಿಕ್ಕಿತು. “ನಿನ್ನೆಯೇ ಹೇಳಬೇಕಿತ್ತು ಸರ್.” ನಿನ್ನೆ ಹೇಳಲು ನಾನು ಗುಡ್ಡ ಹತ್ತಿ ಕೂಗಬೇಕಿತ್ತೇನು?

ಸರಿಯಿಲ್ಲದ್ದು ಏನು ಎಂದರೆ, ಯಂತ್ರ ಬಿಸಿಯಾಗುತ್ತಿರಲಿಲ್ಲ. ಸಿದ್ಧವಾಯಿತು ಎನ್ನುವ ಹಸಿರು ದೀಪ ಹತ್ತುತ್ತಲೇ ಇರಲಿಲ್ಲ, ಹತ್ತಿದರೂ ನೀರು ಬಿಟ್ಟ ಕೂಡಲೇ ಆರುತ್ತಿತ್ತು. ಸಂಜೆ ಏಳಕ್ಕೆ ಮೀಟರ್ ಚುಚ್ಚಿ ನೋಡಿದೆ: 165 ವೋಲ್ಟ್. ಯಂತ್ರದ ಬೆನ್ನಿನ ಮೇಲೆ ಬರೆದದ್ದು 230 ವೋಲ್ಟ್, 1350 ವಾಟ್. ಕಾಯಿಸುವ ಸುರುಳಿಯ ಶಕ್ತಿ ವೋಲ್ಟಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ವೋಲ್ಟ್ ಕಾಲು ಭಾಗಕ್ಕಿಂತ ತುಸು ಹೆಚ್ಚು ಕುಸಿದರೆ ಸಾಕು, ಕಾವು ಅರ್ಧಕ್ಕೆ ಬಂದು ನಿಲ್ಲುತ್ತದೆ. ನಮ್ಮ ಯಂತ್ರಕ್ಕೆ ಸಿಗುತ್ತಿದ್ದದ್ದು 700 ವಾಟ್ ಕೂಡ ಅಲ್ಲ. ನೀರು 90ರಿಂದ 96 ಡಿಗ್ರಿಯಲ್ಲಿ ಪುಡಿಯನ್ನು ಮುಟ್ಟಬೇಕು. ಬಂದ ನೀರಿಗಿಂತ ನಮ್ಮ ಬಚ್ಚಲ ಹಂಡೆಯ ನೀರು ಬಿಸಿ. ಕಾಫಿಯೋ, ಹುಳಿ ಹುಳಿ, ಒಗ್ಗರಣೆ ಹಾಕಿದರೆ ತಂಬುಳಿ ಆಗುತ್ತಿತ್ತು.

ಇದು ಯಾವ ಜಿಲ್ಲೆ ಎಂಬುದು ನೆನಪಾದಾಗ ಹೊಟ್ಟೆ ಉರಿಯುತ್ತದೆ. ಸೂಪಾ, ಕೊಡಸಳ್ಳಿ, ಕದ್ರಾ ಎಂದು ಕಾಳಿ ನದಿಗೆ ಅಡಿಗಡಿಗೆ ಅಣೆಕಟ್ಟು ಕಟ್ಟಿಸಿಕೊಂಡ ಜಿಲ್ಲೆ. ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2018ರ ಡಿಸೆಂಬರ್ 31ರವರೆಗೆ 962 ದಿನ ಒಂದು ಕ್ಷಣವೂ ನಿಲ್ಲದೆ ಓಡಿ ಆ ಕಾಲಕ್ಕೆ ಜಗತ್ತಿನ ದಾಖಲೆ ಬರೆಯಿತು. ಅದೇ ಜಿಲ್ಲೆಯ ಅಡುಗೆಮನೆಯಲ್ಲಿ ನನ್ನ ಯಂತ್ರ ಮೂವತ್ತು ಸೆಕೆಂಡು ಒಂದೇ ಸಮನೆ ಓಡಲಾರದು. ಇನ್ವರ್ಟರಿಗೆ ಸಿಕ್ಕಿಸಿದೆ, ಎರಡು ಫ್ಯಾನು, ನಾಲ್ಕು ದೀಪಕ್ಕೆಂದು ತಂದದ್ದು, ಒಮ್ಮೆ ಕಿರುಚಿ ಮಲಗಿತು. ದೊಡ್ಡ ಸ್ಟೆಬಿಲೈಸರ್ ಹಾಕಿಸಿ ಎಂದರು, ಅದಕ್ಕೆ ಮತ್ತೆ ನಾಲ್ಕು ಸಾವಿರ. ಮೂರು ವಾರ ನೋಡಿದ ವಿಡಿಯೊಗಳಲ್ಲಿ ಹಾಲಿನ ನೊರೆಯಲ್ಲಿ ಹಂಸ ಬಿಡಿಸುವುದನ್ನು ಕಲಿಸಿದರು, ನಿಮ್ಮ ಮನೆಯಲ್ಲಿ ವೋಲ್ಟ್ ಎಷ್ಟು ಎಂದು ಒಬ್ಬರೂ ಕೇಳಲಿಲ್ಲ. ತೋಟದ ಪಂಪ್‌ಸೆಟ್ ಮಾರುವವನು ಮೊದಲು ಕೇಳುವುದೇ ಅದನ್ನು.

ಬೆಳಗಿನ ಜಾವ ನಾಲ್ಕೂವರೆಗೆ ಮೀಟರ್ 220 ತೋರಿಸುತ್ತದೆ. ಸರಿ, ನಾಲ್ಕೂವರೆಗೆ ಎದ್ದೆ. ಆಗ ಶುರುವಾಯಿತು ಪುಡಿಯ ರಗಳೆ. ವೋಲ್ಟಿನದು ನಮ್ಮ ಹಣೆಬರಹ ಎಂದುಕೊಳ್ಳಬಹುದು, ಇದು ಮಾತ್ರ ಶುದ್ಧ ಮೋಸ.

ಯಂತ್ರದ ಜೊತೆ ಬಂದ, ಪುಡಿ ತುಂಬುವ ಜರಡಿಬಟ್ಟಲಿಗೆ ಎರಡು ತಳ. ಒಳತಳದಲ್ಲಿ ನೂರಾರು ತೂತು, ಹೊರತಳದಲ್ಲಿ ಸೂಜಿಮೊನೆಯಷ್ಟು ಒಂದೇ ತೂತು. ಯಾವ ಪುಡಿ ಹಾಕಿದರೂ ಆ ತೂತಿನಿಂದ ಚಿಮ್ಮುವಾಗ ನೊರೆ ಏಳುತ್ತದೆ. ಅದು ಕಾಫಿಯ ಗುಣವಲ್ಲ, ತೂತಿನ ಗುಣ; ಡಬ್ಬಿಯ ತಳದಲ್ಲಿ ಮುಗ್ಗಿದ ಪುಡಿಗೂ ಅಷ್ಟೇ ಭರ್ಜರಿ ನೊರೆ. ಪೆಟ್ಟಿಗೆಯ ಚಿತ್ರದಲ್ಲಿ ನನ್ನನ್ನು ಮರುಳು ಮಾಡಿದ್ದು ಇದೇ ನೊರೆ. ಭಾವನಿಗೆ ಫೋನು ಮಾಡಿದೆ. “ಒಂದೇ ತಳದ ಬಟ್ಟಲು ತರಿಸಿಕೋ, ಬೀಜವನ್ನು ಆಗಿಂದಾಗ ನುಣ್ಣಗೆ ಬೀಸಿಕೋ” ಎಂದ. ನಿನ್ನ ಕಾಫಿ ಯಂತ್ರಕ್ಕೆ ಎಷ್ಟಾಯಿತು ಎಂದು ಕೇಳಿದೆ. ಇಪ್ಪತ್ತೆರಡು ಸಾವಿರ. ಬೀಸುವ ಯಂತ್ರಕ್ಕೆ? ಇಪ್ಪತ್ತೆಂಟು ಸಾವಿರ! ಬೀಸುವುದಕ್ಕೇ ಹೆಚ್ಚು! ಮೂರು ವಾರ ಕುಳಿತು ನಾನು ಆರಿಸಿದ್ದು ಮದುವೆಯ ಗಂಡನ್ನಲ್ಲ, ಗಂಡಿನ ಪೇಟವನ್ನು.

ಒಂದೇ ತಳದ ಬಟ್ಟಲು ತರಿಸಿದೆ. ಬಂದದ್ದು 58 ಮಿಲಿಮೀಟರಿನದು, ನನ್ನ ಯಂತ್ರದ ಬಾಯಿ 51. ಮತ್ತೆ ತರಿಸಿದೆ. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು ಎಂಬುದು ಎಲ್ಲರೂ ಹೇಳುವ ಲೆಕ್ಕ. ಶಿರಸಿಯ ಅಂಗಡಿಯಿಂದ ತರುವ ಫಿಲ್ಟರ್ ಪುಡಿ ಹಾಕಿದರೆ ಎಂಟೇ ಸೆಕೆಂಡಿನಲ್ಲಿ ಹಂಚಿನ ಮೇಲಿನ ಮಳೆನೀರಿನಂತೆ ಸುರಿಯಿತು. ಇನ್ನೂ ನುಣ್ಣಗೆ ಬೀಸಿಕೊಡಿ ಎಂದು ಅಂಗಡಿಯವರನ್ನು ಕಾಡಿ ತಂದೆ. ಅದು ತೊಟ್ಟೂ ಇಳಿಯಲಿಲ್ಲ. ಪಂಪು, ಕರು ಕಳೆದುಕೊಂಡ ಎಮ್ಮೆಯಂತೆ ಅರಚಿತು. ಪುಡಿಯಲ್ಲಿ ನೂರಕ್ಕೆ ಇಪ್ಪತ್ತು ಚಿಕೋರಿ ಇತ್ತು. ಚಿಕೋರಿ ಎಂದರೆ ಹುರಿದ ಬೇರು, ನೀರಿನಲ್ಲಿ ಕಾಫಿಗಿಂತ ಹೆಚ್ಚು ಕರಗಿ ಅಂಟುತ್ತದೆ. ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ನಿಗೆ ಮೈ ಕೊಡುವ ಅದೇ ಗುಣ ಇಲ್ಲಿ ಗಾರೆಯಾಗಿ ಕುಳಿತಿತು. ಮಿಕ್ಸಿಯಲ್ಲಿ ನಮ್ಮದೇ ಬೀಜ ಹಾಕಿ ನೋಡಿದೆ. ಮಿಕ್ಸಿಯ ಅಲಗು ಬೀಸುವುದಿಲ್ಲ, ಕೊಚ್ಚುತ್ತದೆ. ಅರ್ಧ ಧೂಳು, ಅರ್ಧ ಜಲ್ಲಿ. ಬೇಕಾದದ್ದು ಎರಡು ಹಲ್ಲುಮುಖಗಳ ನಡುವಿನ ಒಂದೇ ಅಳತೆಯ ಸಂದು, ಅಂದರೆ ನಮ್ಮ ಅಜ್ಜಿಯ ಬೀಸುಕಲ್ಲು. ಆ ಕಲ್ಲನ್ನು ಹೋದ ವರ್ಷ ಅಂಗಳದ ಅಂಚಿಗೆ ಮೆಟ್ಟಿಲಾಗಿ ಹಾಕಿದ್ದೇವೆ. ದಿನಾ ತುಳಿದು ಓಡಾಡುತ್ತೇನೆ.

ಕೊನೆಗೆ ಕೈಯಿಂದ ತಿರುಗಿಸಿ ಬೀಜ ಬೀಸುವ ಒಂದು ಯಂತ್ರ ತಂದೆ. ಆರು ಸಾವಿರ. ಹದಿನೆಂಟು ಗ್ರಾಂ ಬೀಸುವಷ್ಟರಲ್ಲಿ ತೋಟದ ಅರ್ಧ ಕೆಲಸದ ಬೆವರು ಇಳಿಯುತ್ತದೆ. ಆರಿದ್ರಾ ಮಳೆಯ ಥಂಡಿಯಲ್ಲಿ ಬೀಸಿದ ಪುಡಿ ಉಂಡೆಗಟ್ಟುತ್ತದೆ, ನಿನ್ನೆಯ ಅಳತೆ ಇಂದಿಗೆ ಬರುವುದಿಲ್ಲ. ಆದರೂ ಒಂದು ದಿನ, ಒಂದೇ ಒಂದು ದಿನ, ಎಲ್ಲವೂ ಕೂಡಿಬಂತು. ಇಲಿಬಾಲದಷ್ಟು ಸಣ್ಣ ಧಾರೆ, ಇಪ್ಪತ್ತೇಳು ಸೆಕೆಂಡು, ಅದೇ ಜೇನಿನ ಬಣ್ಣ. ಓಡಿಹೋಗಿ ಅಮ್ಮನಿಗೆ ಕೊಟ್ಟೆ. ಅಮ್ಮ ಲೋಟದೊಳಗೆ ಬಗ್ಗಿ ನೋಡಿ ಬಲಗೈ ಬಟ್ಟಲು ಮಾಡಿ ಮುಂದೆ ಚಾಚಿದರು. “ತೀರ್ಥವೇ? ಉದ್ಧರಣೆಯಲ್ಲಿ ಕೊಟ್ಟಿದ್ದರೆ ಲೋಟ ತೊಳೆಯುವುದು ಉಳಿಯುತ್ತಿತ್ತು.” ಕುಡಿದ ಮೇಲೆ ಮಾತ್ರ “ಅಡ್ಡಿಯಿಲ್ಲ” ಎಂದರು. ನಮ್ಮ ಕಡೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ, ಇದನ್ನು ನಾನು ಮುಚ್ಚಿಡುವುದಿಲ್ಲ.

ಅದೇ ವಾರ ಒಂಬತ್ತು ಜನ ನೆಂಟರು ಬಂದರು. ನಾನು ಮೂರನೆಯ ಲೋಟದ ಹೊತ್ತಿಗೆ ಬೆವರೊರೆಸಿಕೊಳ್ಳುತ್ತ ಹಸಿರು ದೀಪವನ್ನು ಕಾಯುತ್ತಿದ್ದೆ. ಪಕ್ಕದ ಒಲೆಯಲ್ಲಿ ಹೆಂಡತಿ ಒಂದು ಮಾತೂ ಆಡದೆ ಒಂಬತ್ತು ಲೋಟ ಕಷಾಯ ಕುದಿಸಿ ಒಯ್ದು ಕೊಟ್ಟಳು. ಆ ಮೌನವನ್ನು ಅಳೆಯಲು ಯಾವ ಬಾರೂ ಸಾಲದು. ಭಾವನಿಗೆ ಈ ಕಥೆ ಹೇಳಿದರೆ, “ನಿಮ್ಮ ಮನೆಗೆ ಮೋಕಾ ಪಾಟ್ ಸಾಕಿತ್ತು. 1933ರಿಂದ ಇಟಲಿಯ ಮನೆಗಳಲ್ಲಿ ಇರುವುದು ಅದೇ. ಗ್ಯಾಸ್ ಮೇಲೆ ಇಟ್ಟರಾಯಿತು, ಕರೆಂಟು ಬೇಡ, ಎರಡು ಸಾವಿರಕ್ಕೆ ಬರುತ್ತದೆ” ಎಂದ. ಮೊದಲೇ ಹೇಳಲು ಏನು ಧಾಡಿ ಎಂದರೆ, “ನೀನು ಎಸ್ಪ್ರೆಸೊ ಯಂತ್ರ ಯಾವುದು ಒಳ್ಳೆಯದು ಎಂದು ಕೇಳಿದೆ, ಕಾಫಿ ಹೇಗೆ ಮಾಡುವುದು ಎಂದು ಕೇಳಲಿಲ್ಲ” ಅಂತೆ. ಇಂಥ ಭಾವನಿಗೆ ಪ್ರತಿ ವರ್ಷ ಅಪ್ಪೆಮಿಡಿ ಕಳಿಸುತ್ತೇನೆ. ಈ ವರ್ಷ ನೋಡೋಣ.

ಮೂರನೆಯ ತಿಂಗಳಿಗೆ ಯಂತ್ರ ಸದ್ದು ಮಾತ್ರ ಮಾಡತೊಡಗಿತು, ನೀರಿಲ್ಲ. ಒಂದು ವರ್ಷದ ವಾರಂಟಿ ಇದೆಯಲ್ಲ ಎಂಬ ಧೈರ್ಯದಲ್ಲಿ ಫೋನು ಮಾಡಿದೆ. ಕನ್ನಡಕ್ಕೆ ನಾಲ್ಕನ್ನು ಒತ್ತಿ ಎಂದಿತು; ಒತ್ತಿದೆ; ಹಿಂದಿಯಲ್ಲಿ ಮಾತಾಡಿದರು. ನಿಮ್ಮ ಪಿನ್‌ಕೋಡಿಗೆ ತಂತ್ರಜ್ಞರು ಬರುವುದಿಲ್ಲ, ಹುಬ್ಬಳ್ಳಿಗೆ ತನ್ನಿ ಎಂದರು. ಇಲ್ಲಿಂದ ನೂರು ಕಿಲೋಮೀಟರಿನ ಮೇಲೆ. ಮಾರುವಾಗ ಈ ಪಿನ್‌ಕೋಡ್ ಅವರಿಗೆ ಚೆನ್ನಾಗಿಯೇ ಕಾಣಿಸಿತ್ತು! ಯಾವ ಪುಡಿ ಬಳಸಿದಿರಿ ಎಂದು ಕೇಳಿದರು. ನಾನು ಚಿಕ್ಕ ಹುಡುಗನಂತೆ ಸತ್ಯ ಹೇಳಿದೆ. ಚಿಕೋರಿ ಹಾಕಿದ್ದರೆ ವಾರಂಟಿ ಅನ್ವಯಿಸುವುದು ಅನುಮಾನ, ನೋಡಿ ಹೇಳುತ್ತೇವೆ ಎಂದರು. ದಕ್ಷಿಣ ಭಾರತದಲ್ಲಿ ಕಾಫಿ ಯಂತ್ರ ಮಾರುವವರಿಗೆ ಚಿಕೋರಿ ಆಶ್ಚರ್ಯದ ವಸ್ತು!

ಪಕ್ಕದ ಮನೆಯವರು ಸೋಮವಾರ ಹುಬ್ಬಳ್ಳಿಗೆ ಕಾರು ತೆಗೆದುಕೊಂಡು ಹೋಗುತ್ತಾರೆ, ಹಿಂದಿನ ಸೀಟು ಖಾಲಿ ಇದೆ ಎಂದಿದ್ದಾರೆ. ಖುಷಿಯಿಂದ ಮತ್ತೆ ಫೋನು ಮಾಡಿ ಸೋಮವಾರ ತರುತ್ತೇನೆ ಎಂದೆ. “ಮೂಲ ಪೆಟ್ಟಿಗೆಯಲ್ಲೇ ತರಬೇಕು ಸರ್, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ.”

ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಅಲ್ಲಿಯವರೆಗೆ ಪೆಟ್ಟಿಗೆಯನ್ನು ಯಾರೂ ಮುಟ್ಟಬಾರದು ಎಂದು ಅಮ್ಮ ಹೇಳಿದ್ದಾರೆ.